ಬಿಸಿಲು ಕಂಡರಾಗದ ಮಾವ

ಕೊಡೈಕಾನಲ್‌ಗೆ ಹೋದವರು ಮೊದಲು ಹುಡುಕುವುದು ಬಿಸಿಲನ್ನು. 7000 ಅಡಿ ಎತ್ತರದ ಜನವರಿ ಚಳಿಯಲ್ಲಿ ಕಾಫಿ ಲೋಟ ಹಿಡಿದು ನಿಲ್ಲಲು ಒಂದು ಬೆಚ್ಚನೆಯ ಮೂಲೆ ಸಿಕ್ಕರೆ ಸಾಕು. ನೆರಳುಗಿಡ ಬೆಳೆಸುವವರ ಮನೆಯಲ್ಲಿ ಅದೊಂದು ಸಿಗುವುದಿಲ್ಲ. ಬಿಸಿಲು ನುಗ್ಗುವ ಕಡೆಯಲ್ಲೆಲ್ಲ ಅವರು ಹಸಿರು ಬಲೆ ಕಟ್ಟಿರುತ್ತಾರೆ.

ನಮ್ಮ ಸೋದರಮಾವ ಈ ಪಂಥದ ಹಿರಿಯರು. ಮೂಲ ಕಂಬಂ ಕಣಿವೆ. ಮನೆಯಲ್ಲಿ ಕನ್ನಡ, ಓದು ಬರಹ ತಮಿಳು, ಗಿಡಗಳ ಜೊತೆ ಮಾತ್ರ ಲ್ಯಾಟಿನ್. ಊರಿನ 1908ರ ಬ್ರಯಂಟ್ ಪಾರ್ಕಿನ ಗುಲಾಬಿಗಳೆಂದರೆ ತಾತ್ಸಾರ: “ಬಿಸಿಲಿದ್ದರೆ ಯಾರು ಬೇಕಾದ್ರೂ ಅರಳ್ತಾರೆ.”

ಅವರ ಆರಾಧ್ಯ ದೈವ ಅರಿಸೀಮಾ, ಅಂದರೆ ಕೋಬ್ರಾ ಲಿಲಿ. ಶೋಲಾ ಕಾಡಿನ ಒದ್ದೆ ನೆರಳಿನ, ಕೆಸುವಿನ ಬಳಗದ ಗಿಡ. ಮಳೆ ಬಿದ್ದ ಮೇಲೆ ಹೆಡೆಯಾಕಾರದ ಪಟ್ಟೆ ಹೂ ಬಿಡುತ್ತದೆ. ಆಮೇಲೆ ಒಣಗಿ, ಗೆಡ್ಡೆ ಮಣ್ಣೊಳಗೆ ಮಲಗುತ್ತದೆ. ನಾನು ಹೋದಾಗಲೆಲ್ಲ ಅದು ಮಲಗಿಯೇ ಇರುತ್ತದೆ.

ಕಳೆದ ಸಲ ಬಲೆಯ ಹರಕಿನಿಂದ ಅಂಗೈಯಗಲ ಬಿಸಿಲು ಬಿದ್ದಿತ್ತು. ಹೋಗಿ ನಿಂತೆ. “ಕಾಲೋ, ಕಾಲು!” ಬಗ್ಗಿ ನೋಡಿದರೆ ಬರೀ ಮಣ್ಣು, ಅದರಲ್ಲೊಂದು ಹೆಸರು ಬರೆದ ಐಸ್‌ಕ್ರೀಮ್ ಕಡ್ಡಿ. ಆ ಕಡ್ಡಿಯ ಪಕ್ಕ ಕುಕ್ಕರಗಾಲಲ್ಲಿ ಕೂರಿಸಿಯೇ ಉಪನ್ಯಾಸ ಶುರುವಾಯಿತು. “ಹೋದ ವರ್ಷ ಇದು ಗಂಡು. ಗೆಡ್ಡೆ ದಪ್ಪ ಆದ್ರೆ ಹೆಣ್ಣಾಗುತ್ತೆ, ಸೊರಗಿದ್ರೆ ಮತ್ತೆ ಗಂಡು.”

ಒಳಗಿಂದ ಅತ್ತೆಯ ದನಿ: “ಹೆಣ್ಣಾಗೋಕೆ ಮೈಯಲ್ಲಿ ಕಸುವು ಬೇಕು ಅಂತ ಗಿಡಕ್ಕೂ ಗೊತ್ತಿದೆ. ಸಿಲಿಂಡರ್ ಒಳಗೆ ತಂದಿಡೋಕೆ ಹೇಳಪ್ಪ ನಿಮ್ಮ ಮಾವನಿಗೆ.”

ಮಾವನಿಗೆ ಕೇಳಿಸಲಿಲ್ಲ. ಗಂಡು ಹೂವಿನ ಬುಡದಲ್ಲಿ ನುಸಿ ಹೊರಹೋಗಲು ಒಂದು ಸಂದಿರುತ್ತದಂತೆ. ಹೆಣ್ಣು ಹೂವಿನಲ್ಲಿ ಅದಿಲ್ಲ. ಒಳಹೊಕ್ಕ ನುಸಿ ಅಲ್ಲೇ ಸಾಯಬೇಕು. ನಾನು ಗೇಟಿನ ಕಡೆ ನೋಡಿದೆ.

ಆದರೂ ಪೂರ್ತಿ ಬೈಯಲು ಬಾಯಿ ಬರುವುದಿಲ್ಲ. ವಾಟಲ್, ನೀಲಗಿರಿ, ಪೈನ್ ನೆಟ್ಟು ನೆಟ್ಟು ಕೊಡೈಕಾನಲ್ ಇರುವ ಪಳನಿ ಬೆಟ್ಟಗಳ ಚಹರೆಯೇ ಬದಲಾಗಿದೆ. ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯುವ ಪೈನ್ ಕಾಡೂ ನೆಟ್ಟದ್ದೇ. ಶೋಲಾ ಉಳಿದಿರುವುದು ತುಂಡು ತುಂಡಾಗಿ. ಮಾವ ಅಲ್ಲಿಂದ ಗೆಡ್ಡೆ ಕಿತ್ತು ತರುವವರಲ್ಲ. ಬೀಜ ಹಾಕಿ, ಒಂದು ಹೂವಿಗೆ ವರ್ಷಗಟ್ಟಲೆ ಕಾದವರು. ಇಷ್ಟು ಕಾಯುವವರಿಗೆ ಬಂದವರಿಗೆ ತೋರಿಸಲು ಹೆಚ್ಚಿನ ದಿನ ಏನೂ ಇರುವುದಿಲ್ಲ. ಬಂದವರನ್ನು ಬಿಡದಿರುವುದು ಅದಕ್ಕೇ ಇರಬೇಕು.

ಹೊರಡುವಾಗ ಕೇಳಿದರು: “ಬೆಂಗಳೂರಿನ ನಿನ್ನ ಫ್ಲಾಟಿಗೆ ಬಿಸಿಲು ಬೀಳುತ್ತೇನೋ?”

“ಇಲ್ಲ ಮಾವ, ಮಧ್ಯಾಹ್ನವೂ ಲೈಟ್ ಹಾಕ್ಕೋತೀವಿ.”

“ಪುಣ್ಯವಂತ!” ಅಂದರು.