ಓಡ್ತೈತ್ರಿ, ಲೋಡ್ ಮಾತ್ರ ಹಾಕಬ್ಯಾಡ್ರಿ

ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಶೋಕ ತನ್ನ ಹೆಸರು ಹಾಕಿದ್ದಾನೆ. ಹೆಚ್ಚಿನ ಕಡೆ ‘ದೇವಾನಾಂಪ್ರಿಯ’ ಎಂದಷ್ಟೇ ಬರೆಸಿ ಸುಮ್ಮನಾದವನು ಇಲ್ಲಿ ಹೆಸರನ್ನೂ ಕೊರೆಸಿದ. 1915ರಲ್ಲಿ ಚಿನ್ನದ ಜಾಡು ಹಿಡಿದು ಬಂದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಅದು ಬಿದ್ದ ಮೇಲೆಯೇ ಆ ದೇವಾನಾಂಪ್ರಿಯ ಯಾರೆಂಬುದು ಜಗತ್ತಿಗೆ ಖಾತ್ರಿಯಾದದ್ದು. ಇದೇ ಶಾಸನದ ಬ್ರಹ್ಮಗಿರಿ ಪ್ರತಿಯಲ್ಲಿ ಇನ್ನೊಂದು ಮಾತೂ ಇದೆ. ಉಪಾಸಕನಾದ ಮೇಲೆ ಒಂದು ವರ್ಷ ತಾನು ಹೆಚ್ಚೇನೂ ಶ್ರಮ ಪಡಲಿಲ್ಲ ಎಂದು ಚಕ್ರವರ್ತಿ ಕಲ್ಲಿನ ಮೇಲೆಯೇ ಒಪ್ಪಿಕೊಂಡಿದ್ದಾನೆ. ಮಾಡಿದ್ದಕ್ಕೆ ಹೆಸರು, ಮಾಡದೆ ಇದ್ದದ್ದಕ್ಕೆ ಒಪ್ಪಿಗೆ. ಇಂಥ ಮನುಷ್ಯನಿಗೆ ನಮ್ಮ ಕಡೆ ಜನರೇಟರ್ ರಿಜಿಸ್ಟರ್ ಬರೆಯುವ ಕೆಲಸ ಕೊಟ್ಟಿದ್ದರೆ ಮೊದಲ ತಿಂಗಳೇ ಅಮಾನತಾಗುತ್ತಿದ್ದ.

ಏಕೆಂದರೆ ನಮ್ಮ ರಿಜಿಸ್ಟರಿನಲ್ಲಿ ಹೆಸರು ಇರುವುದಿಲ್ಲ, ಒಂದು ಸೊಟ್ಟ ಗೆರೆ ಇರುತ್ತದೆ. ಅದನ್ನು ಸಹಿ ಎಂದು ತಿಳಿಯಬೇಕು. ಒಪ್ಪಿಗೆ ಇರುವುದಿಲ್ಲ, ‘ಸರಿ ಇದೆ’ ಇರುತ್ತದೆ. ಆಯಿಲ್ ಸರಿ ಇದೆ, ನೀರು ಸರಿ ಇದೆ, ಬ್ಯಾಟರಿ ಸರಿ ಇದೆ. ಭಾನುವಾರ ಸರಿ ಇದೆ, ಆಗಸ್ಟ್ 15ರಂದು ಸರಿ ಇದೆ, ಬರೆಯುವವನಿಗೆ ತಿಂಗಳ ಕೊನೆಗೆ ಕೈ ಸ್ವಲ್ಪ ಜೋರಾಗಿ ಓಡಿದರೆ ಫೆಬ್ರವರಿ 30ರಂದೂ ಸರಿ ಇದೆ. ಇಡೀ ತಿಂಗಳಿಗೆ ಒಂದೇ ಪೆನ್ನು, ಒಂದೇ ಶಾಯಿ, ಒಂದೇ ಮಧ್ಯಾಹ್ನ. ನಾನು ಯಾವ ಕಚೇರಿಯ ಹೆಸರನ್ನೂ ಹೇಳುತ್ತಿಲ್ಲ. ಓದುವಾಗ ನಿಮಗೆ ನಿಮ್ಮದೇ ನೆನಪಾದರೆ ಅದು ನಿಮ್ಮ ಜ್ಞಾಪಕಶಕ್ತಿಯ ಹೆಚ್ಚುಗಾರಿಕೆ.

ರಾಯಚೂರು ಜಿಲ್ಲೆಯಲ್ಲಿ ಜನರೇಟರ್ ಯಾತಕ್ಕೆ ಎಂದು ಹೊರಗಿನವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಎಂಟು ಘಟಕಗಳ ಸಾಮರ್ಥ್ಯ 1,720 ಮೆಗಾವ್ಯಾಟ್, ಯರಮರಸ್‌ನ ಎರಡು ಘಟಕಗಳದು 1,600. ಶಕ್ತಿನಗರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅಂದಿನಿಂದ ಬೂದಿ ನಮಗೆ, ಬೆಳಕು ರಾಜ್ಯಕ್ಕೆ. ಕರೆಂಟು ಇಲ್ಲಿ ಹುಟ್ಟಿ, ಮದುವೆಯಾಗಿ ದೂರ ಹೋದ ಮಗಳಂತೆ ಹಬ್ಬ ಹುಣ್ಣಿಮೆಗೆ ತವರಿಗೆ ಬಂದು ಹೋಗುತ್ತದೆ. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿದಾಗ, ಮಳೆಗಾಲದ ಮೊದಲ ಗಾಳಿಗೆ ಕಂಬ ವಾಲಿದಾಗ, ಆಕೆ ಬರುವುದು ಯಾವಾಗ ಎಂದು ಜೆಸ್ಕಾಂಗೆ ಫೋನ್ ಹಚ್ಚಿದರೆ ಆ ಫೋನೂ ಎಂಗೇಜ್. ಆದ್ದರಿಂದ ಜನರೇಟರ್ ಬೇಕು. ಸಿಂಧನೂರಿನಲ್ಲೂ ಬೇಕು, ಲಿಂಗಸುಗೂರಿನಲ್ಲೂ ಬೇಕು. ಸಿಂಧನೂರು, ಲಿಂಗಸುಗೂರು, ಮಾನ್ವಿಯ ಹಳ್ಳಿಗಳನ್ನು ಕೂಡಿಸಿ ಹೊಸ ತಾಲ್ಲೂಕಾದ ಮಸ್ಕಿಯಲ್ಲೂ ಬೇಕು. ಇವೆ ಕೂಡ. ಕಟ್ಟಡದ ಹಿಂದೆ, ಮುರಿದ ಕುರ್ಚಿ, ಹಳೇ ಚುನಾವಣೆಯ ಪೆಟ್ಟಿಗೆ, ಬೇವಿನ ಎಲೆ ಇವುಗಳ ನಡುವೆ ಒಂದು ದೊಡ್ಡ ಡಬ್ಬಿ ನಿಂತಿರುತ್ತದೆ. ಅದಕ್ಕೊಂದು ಬೀಗ ಇರುತ್ತದೆ. ಬೀಗದ ಕೀಲಿ ಒಬ್ಬರ ಬಲ್ಲಿ ಇರುತ್ತದೆ. ಆ ಒಬ್ಬರು ಊರಲ್ಲಿ ಇರುವುದಿಲ್ಲ.

ಅಮೆರಿಕದ ಎನ್‌ಎಫ್‌ಪಿಎ ಎಂಬ ಸಂಸ್ಥೆಯ ನಿಯಮಾವಳಿಯ ಪ್ರಕಾರ, ಆಸ್ಪತ್ರೆಯಲ್ಲಿ ಜೀವಕ್ಕೆ ಸಂಬಂಧಪಟ್ಟ ಲೈನಿಗೆ ಕರೆಂಟು ಹೋದ 10 ಸೆಕೆಂಡಿನೊಳಗೆ ಜನರೇಟರಿನ ಕರೆಂಟು ಬರಬೇಕು. ಪಾಪ, ಆ ನಿಯಮ ಬರೆದವರಿಗೆ ಕೀಲಿಯ ವಿಷಯ ಗೊತ್ತಿಲ್ಲ. ಹತ್ತು ಸೆಕೆಂಡಿನಲ್ಲಿ ನಮ್ಮಲ್ಲಿ ‘ಕರೆಂಟ್ ಹೋತೇನ್ರಿ?’ ಎಂಬ ಪ್ರಶ್ನೆಯೇ ಮುಗಿದಿರುವುದಿಲ್ಲ.

ಅದೇ ನಿಯಮಾವಳಿ ಇನ್ನೊಂದು ಮಾತು ಹೇಳುತ್ತದೆ: ತಿಂಗಳಿಗೊಮ್ಮೆ ಅರ್ಧ ಗಂಟೆ, ಯಂತ್ರದ ತಾಕತ್ತಿನ ಶೇಕಡಾ 30ಕ್ಕೆ ಕಡಿಮೆ ಇಲ್ಲದಷ್ಟು ಲೋಡ್ ಹಾಕಿ ಓಡಿಸಿ ನೋಡಬೇಕು. ನಮ್ಮಲ್ಲಿ ಪರೀಕ್ಷೆ ಎಂದರೆ ಬೇರೆ. ಸಾಹೇಬರು ಬರುವ ಸುದ್ದಿ ಬಂದ ದಿನ ಬೀಗ ತೆಗೆದು, ಸೆಲ್ಫ್ ಹೊಡೆದು, ಗುಡುಗುಡು ಎಂದಿತೋ ಎರಡು ನಿಮಿಷ ಕೇಳಿ, ಕೈ ಮುಗಿದು ಬಂದ್ ಮಾಡುವುದು.

“ಜನರೇಟರ್ ಚಾಲೂ ಐತೇನ್ರಿ?”

“ಐತ್ರಿ ಸರ. ನಿನ್ನಿ ಸೈತ ಹೊಡ್ದು ನೋಡೀವ್ರಿ. ಒಂದ ಸೆಲ್ಫಿಗೆ ಚಾಲೂ ಆತ್ರಿ.”

“ಲೋಡ್ ಹಾಕಿ ನೋಡೀರಿ?”

“ಲೋಡ್ ಹಾಕಿದ್ರ ಬಂದ್ ಬೀಳ್ತೈತ್ರಿ ಸರ. ಅದಕ್ಕ ಹಾಕಂಗಿಲ್ರಿ.”

ಸಾಹೇಬರು ತಲೆಯಾಡಿಸಿ ಸಹಿ ಹಾಕುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಆಡಳಿತದ ದೃಷ್ಟಿಯಿಂದ ನೋಡಿದರೆ ಪರಿಪೂರ್ಣ ಉತ್ತರ. ಡೀಸೆಲ್ ಎಂಜಿನ್ನಿನ ದೃಷ್ಟಿ ಮಾತ್ರ ಬೇರೆ. ಲೋಡಿಲ್ಲದೆ ಮತ್ತೆ ಮತ್ತೆ ಓಡಿಸಿದರೆ ಎಂಜಿನ್ ಬೇಕಾದಷ್ಟು ಕಾಯುವುದಿಲ್ಲ. ಪೂರ್ತಿ ಸುಡದ ಡೀಸೆಲ್ ಹೊಗೆ ಕೊಳವೆಯಲ್ಲಿ ಕಪ್ಪು ಜಿಡ್ಡಾಗಿ ಕೂಡುತ್ತದೆ, ನಾಜಲ್ಲಿಗೆ ಮಸಿ ಹಿಡಿಯುತ್ತದೆ. ಕೊನೆಗೆ ನಿಜವಾಗಿ ಲೋಡ್ ಬಂದ ದಿನ ಕೆಮ್ಮಿ ಮಲಗುತ್ತದೆ. ಅಂದರೆ ಪರೀಕ್ಷೆ ಎಂಬ ಹೆಸರಿನಲ್ಲಿ ನಾವು ಯಂತ್ರಕ್ಕೆ ಪ್ರತಿ ಸಲವೂ ಒಂದಿಷ್ಟು ಕಾಯಿಲೆ ಹಚ್ಚುತ್ತಿರುತ್ತೇವೆ. ರಿಜಿಸ್ಟರಿನಲ್ಲಿ ಅದಕ್ಕೂ ‘ಸರಿ ಇದೆ’.

ಜನರೇಟರ್ ಮುಷ್ಕರ ಹೂಡುವುದು ಬಹಳ ಸಲ ಎಂಜಿನ್ನಿನಿಂದಲ್ಲ, ಬ್ಯಾಟರಿಯಿಂದ. ಲಕ್ಷಗಟ್ಟಲೆಯ ಯಂತ್ರವನ್ನು ಎಬ್ಬಿಸುವುದು ಕೆಲವು ಸಾವಿರದ 12 ವೋಲ್ಟಿನ ಬ್ಯಾಟರಿ. ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು, ಟರ್ಮಿನಲ್ಲಿಗೆ ಬಿಳಿ ಹಿಟ್ಟು ಹಿಡಿದಿರಬಾರದು, ನಮ್ಮ ಬಿಸಿಲಿಗೆ ನೀರು ಬೇಗ ಆರುವುದರಿಂದ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಇಷ್ಟೇ ಕೆಲಸ. ಆದರೆ ಡಿಸ್ಟಿಲ್ಡ್ ವಾಟರಿನ ಕ್ಯಾನಿಗೆ ಇಂಡೆಂಟ್ ಹಾಕಬೇಕು, ಇಂಡೆಂಟಿಗೆ ಮೂರು ಕೊಟೇಶನ್ ಬೇಕು, ಅವು ಬರುವ ಹೊತ್ತಿಗೆ ಬ್ಯಾಟರಿ ಸತ್ತಿರುತ್ತದೆ. ಇನ್ನು ಕೆಲವು ಕಡೆ ಬ್ಯಾಟರಿಗೆ ಏನೂ ಆಗಿರುವುದಿಲ್ಲ. ಅದು ಯಾರದೋ ಟ್ರ್ಯಾಕ್ಟರಿನಲ್ಲಿ ಆರೋಗ್ಯವಾಗಿರುತ್ತದೆ.

ಡೀಸೆಲ್ ಕಥೆ ಇನ್ನೂ ರುಚಿ. 62.5 ಕೆವಿಎ ಜನರೇಟರ್ ಮುಕ್ಕಾಲು ಲೋಡಿನಲ್ಲಿ ಗಂಟೆಗೆ ಸುಮಾರು 10-12 ಲೀಟರ್ ಕುಡಿಯುತ್ತದೆ. ನಮ್ಮ ರಿಜಿಸ್ಟರುಗಳಲ್ಲಿ ಇರುವ ಜನರೇಟರುಗಳಿಗೆ ಬಾಯಾರಿಕೆ ಹೆಚ್ಚು. ಓಡದೆ ಇರುವಾಗಲಂತೂ ವಿಪರೀತ. ಇದನ್ನು ಹಿಡಿಯಲೆಂದೇ ಕಂಪನಿಯವರು ಪ್ಯಾನೆಲ್ಲಿನಲ್ಲಿ ಅವರ್ ಮೀಟರ್ ಎಂಬ ಚಾಡಿಕೋರನನ್ನು ಕೂರಿಸಿರುತ್ತಾರೆ. ಯಂತ್ರ ಎಷ್ಟು ಗಂಟೆ ಓಡಿತೋ ಅಷ್ಟೇ ಹೇಳುತ್ತದೆ, ಯಾರ ಮುಲಾಜೂ ಇಲ್ಲ. ಹಾಗಾಗಿಯೇ ಇರಬೇಕು, ಜನರೇಟರಿನಲ್ಲಿ ಮೊಟ್ಟಮೊದಲು ಕೆಡುವ ಭಾಗ ಅದು. ಟ್ಯಾಂಕಿನಲ್ಲಿ ಉಳಿದ ಅರ್ಧ ಡೀಸೆಲಿಗೆ ಹಗಲು ರಾತ್ರಿಯ ಶಾಖದ ಏರಿಳಿತಕ್ಕೆ ನೀರಿನಂಶ ಕೂಡುತ್ತದೆ, ತಳದಲ್ಲಿ ಲೋಳೆ ಕಟ್ಟುತ್ತದೆ. ವಾಟರ್ ಸೆಪರೇಟರಿನ ತಿರುಪು ಸಡಿಲಿಸಿ ಆ ನೀರನ್ನು ಬಿಡಬೇಕು. ಆ ತಿರುಪಿಗೆ ಸ್ಪ್ಯಾನರ್ ತಗಲಿದ್ದು ಕಂಪನಿಯಲ್ಲಿ ಕೂಡಿಸಿದ ದಿನ ಮಾತ್ರ.

ಹಾಗೆಂದು ನಮ್ಮ ಕಡೆಯವರಿಗೆ ಜನರೇಟರ್ ಬಾರದು ಎನ್ನುವಂತಿಲ್ಲ. ಸಿಂಧನೂರಿನ ಯಾವುದೇ ರೈಸ್ ಮಿಲ್ಲಿಗೆ ಸುಗ್ಗಿಯಲ್ಲಿ ಹೋಗಿ ನೋಡಿ. ಭತ್ತದ ಹೊಟ್ಟು ಗಾಳಿಯಲ್ಲೇ ಹಾರುವ ಜಾಗ. ಆದರೂ ಏರ್ ಫಿಲ್ಟರ್ ಝಾಡಿಸಿ ಇಟ್ಟಿರುತ್ತಾರೆ. ಏಕೆಂದರೆ ಒಂದು ಗಂಟೆ ನಿಂತರೆ ಎಷ್ಟು ಲುಕ್ಸಾನು ಎಂಬುದು ಮಾಲೀಕನಿಗೆ ಬಾಯಿಪಾಠ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಬನ್ನಿ: ಚಿನ್ನದ ಗಣಿಯ ಆಳಕ್ಕೆ ಗಾಳಿ ತಳ್ಳುವ ಫ್ಯಾನು, ನೀರೆತ್ತುವ ಪಂಪು, ಜನರನ್ನು ಮೇಲೆತ್ತುವ ಯಂತ್ರ ಎಲ್ಲಕ್ಕೂ ಕರೆಂಟು ಬೇಕು, ಮೇಲೊಂದು ಗಣಿ ಸುರಕ್ಷತಾ ನಿರ್ದೇಶನಾಲಯದ ಕಣ್ಣೂ ಇದೆ. ಚಿನ್ನಕ್ಕೆ ಈ ಮರ್ಯಾದೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಇನ್ನು ಜಾತ್ರೆ, ಮದುವೆಗೆ ಟ್ರ್ಯಾಲಿಯ ಮೇಲೆ ಜನರೇಟರ್ ಹೇರಿಕೊಂಡು ಬರುವ ಶಾಮಿಯಾನದವನಿದ್ದಾನಲ್ಲ, ಅವನ ಬಲ್ಲಿ ರಿಜಿಸ್ಟರೂ ಇಲ್ಲ, ಎಎಂಸಿ ಎಂಬ ವಾರ್ಷಿಕ ನಿರ್ವಹಣೆಯ ಕರಾರೂ ಇಲ್ಲ. ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ಬಟ್ಟೆಗೆ ಒರೆಸಿ ಆಯಿಲ್ ನೋಡುತ್ತಾನೆ, ರೇಡಿಯೇಟರಿಗೆ ನೀರು ನೋಡುತ್ತಾನೆ, ಬೆಲ್ಟಿಗೆ ಹೆಬ್ಬೆರಳು ಒತ್ತುತ್ತಾನೆ. ಮುಗಿಯಿತು. ತಾಳಿ ಕಟ್ಟುವ ಹೊತ್ತಿಗೆ ಮೈಕು ನಿಂತರೆ ಬೀಗರು ಯಾರಿಗೆ ಹೊಡೆಯುತ್ತಾರೆ ಎಂಬುದು ಅವನಿಗೆ ಗೊತ್ತು. ಹೊಡೆಯುವವರು ಗೊತ್ತಿದ್ದ ಕಡೆ ನಿರ್ವಹಣೆ ತಾನಾಗಿ ನಡೆಯುತ್ತದೆ.

ಹೊಡೆಯುವವರು ಗೊತ್ತಿಲ್ಲದ ಜಾಗ ಯಾವುದು? ನಮ್ಮ ಸೀಮೆಯ ಜನ ರೋಗ ಕೈಮೀರಿದಾಗ ರೋಗಿಯನ್ನು ಎತ್ತಿಹಾಕಿಕೊಂಡು ಬಳ್ಳಾರಿಗೆ ಓಡುತ್ತಾರೆ. ಅಲ್ಲಿನ, ಆಗ ವಿಮ್ಸ್ ಎನ್ನುತ್ತಿದ್ದ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ 2022ರ ಸೆಪ್ಟೆಂಬರ್ 14ರಂದು ಕರೆಂಟು ಹೋಯಿತು. ರೋಗಿಗಳು ತೀರಿಕೊಂಡರು. ಕರೆಂಟು ಹೋಗಿ ವೆಂಟಿಲೇಟರ್ ನಿಂತಿದ್ದರಿಂದಲೇ ಸತ್ತರು ಎಂದು ಮನೆಯವರು ಹೇಳಿದರು. ಅದರಿಂದಲ್ಲ, ರೋಗವೇ ವಿಷಮಿಸಿತ್ತು ಎಂದು ಆಡಳಿತ ಹೇಳಿತು. ವಿಧಾನಸಭೆಯಲ್ಲಿ ಗದ್ದಲವಾಯಿತು, ಸಮಿತಿಯಾಯಿತು. ಜನರೇಟರ್ ಇರಲಿಲ್ಲವೇ ಎಂದು ಕೇಳಬೇಡಿ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಇಲ್ಲದೆ ಇರುತ್ತದೆಯೇ? ಇತ್ತು. ಮಾತೆಲ್ಲ ಕೇಬಲ್ಲಿನ ಸುತ್ತ ತಿರುಗಿತು. ಜನರೇಟರಿನಿಂದ ಹಾಸಿಗೆಯವರೆಗೆ ಒಂದು ದಾರಿ ಇರುತ್ತದೆ: ಕೇಬಲ್, ಪ್ಯಾನೆಲ್, ಚೇಂಜ್‌ಓವರ್, ಸ್ವಿಚ್ಚು, ಕೊನೆಗೆ ವೆಂಟಿಲೇಟರಿನ ಒಳಗಿನ ಬ್ಯಾಟರಿ. ಲೋಡ್ ಹಾಕಿ ನೋಡುವುದು ಎಂದರೆ ಈ ಇಡೀ ದಾರಿಯನ್ನು ನಡೆದು ನೋಡುವುದು. ನಾವು ಬಾಗಿಲಲ್ಲೇ ನಿಂತು ಗುಡುಗುಡು ಕೇಳಿ ವಾಪಸು ಬರುವ ಪೈಕಿ. ನಾಲ್ಕು ದಿನ ಎಲ್ಲ ಜಿಲ್ಲೆಗಳಲ್ಲೂ ಜನರೇಟರಿನ ವರದಿ ಕೇಳುವ ಭರಾಟೆ ಇದ್ದೀತು. ವರದಿಗೆ ಏನು, ರಿಜಿಸ್ಟರ್ ಇದ್ದೇ ಇತ್ತಲ್ಲ.

ಸಿಂಧನೂರಿನ ರೈತನಿಗೆ ಒಂದು ಕೈಕೊಟ್ಟರೆ ಇನ್ನೊಂದು ಇರಬೇಕೆಂಬ ‘ಹೆಚ್ಚುವರಿ ವ್ಯವಸ್ಥೆ’ಯ ಪಾಠ 2024ರ ಆಗಸ್ಟ್ 10ರ ರಾತ್ರಿ ಇನ್ನೂ ದೊಡ್ಡ ಅಕ್ಷರದಲ್ಲಿ ಆಯಿತು. ಎಡದಂಡೆ ಕಾಲುವೆಯ ನೀರು ಬರುವುದು ತುಂಗಭದ್ರಾ ಜಲಾಶಯದಿಂದ. ಅದರ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಜಾಗಕ್ಕೆ ಇಳಿಸಲು ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಸಿದ್ಧವಿರಲಿಲ್ಲ. ನೀರು ಹೋಗುತ್ತಿರುವಾಗಲೇ ಅಳತೆ ತೆಗೆದು, ಹೊಸದಾಗಿ ಮಾಡಿಸಿ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ವಾರದೊಳಗೆ ಕೂರಿಸಿದರು. ಕೂರಿಸಿದವರ ಸಾಹಸಕ್ಕೆ ಶಾಲು, ಹಾರ ಎಲ್ಲ ಸಲ್ಲಬೇಕಾದದ್ದೇ. ಚೈನಿಗೆ ವರ್ಷವರ್ಷ ಗ್ರೀಸ್ ಹಚ್ಚಿ, ಸವೆದ ಕೊಂಡಿ ಬದಲಿಸಿ, ಏನೂ ಆಗದಂತೆ ನೋಡಿಕೊಳ್ಳುವವನಿಗೆ ಮಾತ್ರ ಶಾಲು ಹೊದಿಸುವ ಪದ್ಧತಿ ಇಲ್ಲ. ಏನೂ ಆಗಲಿಲ್ಲವಲ್ಲ, ಯಾತಕ್ಕೆ ಶಾಲು?

ತಪ್ಪೆಲ್ಲ ಸರ್ಕಾರದ್ದೇ ಎಂದು ಬರೆದು ಕೈ ತೊಳೆದುಕೊಳ್ಳಬಹುದು, ಓದುಗರಿಗೂ ಹಿತ. ಆದರೆ ನಮ್ಮ ಅಂಗಡಿ, ಮನೆಗಳ ಬುದ್ಧಿವಂತಿಕೆ ಏನು ಕಡಿಮೆಯೇ? ಕರೆಂಟು ಹೋದ ಕೂಡಲೆ ಸಣ್ಣ ಜನರೇಟರ್ ತಂದು, ಚೇಂಜ್‌ಓವರ್ ಸ್ವಿಚ್ಚಿನ ಖರ್ಚು ಉಳಿಸಿ, ಎರಡು ವೈರನ್ನು ಸೀದಾ ಸಾಕೆಟ್ಟಿಗೆ ಚುಚ್ಚುವ ಪಂಡಿತರು ಎಲ್ಲ ಓಣಿಯಲ್ಲೂ ಇದ್ದಾರೆ. ಆ ಕರೆಂಟು ಮೀಟರ್ ದಾಟಿ ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹೋದರೆ ಅದು ಸುಮ್ಮನಿರುವುದಿಲ್ಲ, 11 ಸಾವಿರ ವೋಲ್ಟಿಗೆ ಏರಿಸಿ ಕಂಬಕ್ಕೆ ಕಳಿಸುತ್ತದೆ. ಕಂಬದ ಮೇಲೆ ಲೈನ್ ಬಂದ್ ಇದೆ ಎಂದು ನಂಬಿ ಹತ್ತಿದ ಲೈನ್‌ಮನ್ ಇರುತ್ತಾನೆ. ಅವನು ನಮ್ಮ ಕರೆಂಟು ಬೇಗ ಬರಲಿ ಎಂದೇ ಹತ್ತಿದವನು. ಶಬ್ದ ಹೊರಗೆ ಹೋಗಬಾರದೆಂದು ಶಟರ್ ಇಳಿಸಿ ಒಳಗೇ ಜನರೇಟರ್ ಓಡಿಸುವವರೂ ಇದ್ದಾರೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬರಿಸುತ್ತದೆ, ಎಬ್ಬಿಸುವುದಿಲ್ಲ. ಅರ್ತಿಂಗ್ ಬಗ್ಗೆ ಕೇಳಿದರೆ, “ಗುಂಡಿ ತೋಡಿ ಉಪ್ಪು, ಇದ್ದಲಿ ಹಾಕಿದ್ವಲ್ರಿ, ಹಿರೇ ಮಗನ ಮದುವಿ ವರ್ಷ” ಎನ್ನುತ್ತಾರೆ. ಆ ಹಿರೇ ಮಗನಿಗೀಗ ಹೈಸ್ಕೂಲಿಗೆ ಹೋಗುವ ಮಕ್ಕಳು.

ಸರ್ಕಾರಿ ಡಬ್ಬಿಯ ಕಥೆ ಕೊನೆಯಾಗುವ ಬಗೆ ಎಲ್ಲ ಕಡೆ ಒಂದೇ. ಬ್ಯಾಟರಿ ಸತ್ತ ಯಂತ್ರವನ್ನು ‘ದುರಸ್ತಿಗೆ ಯೋಗ್ಯವಿಲ್ಲ’ ಎಂದು ಬರೆಯುತ್ತಾರೆ. ಬ್ಯಾಟರಿಗೆ ಹಣ ಕೊಡಲು ಲೆಕ್ಕಶೀರ್ಷಿಕೆ ಇರುವುದಿಲ್ಲ, ಹೊಸ ಜನರೇಟರಿಗೆ ಇರುತ್ತದೆ. 2023ರ ಜುಲೈಯಿಂದ ಕೇಂದ್ರ ಮಾಲಿನ್ಯ ಮಂಡಳಿಯ ಹೊಗೆಯ ನಿಯಮವೂ ಬಿಗಿಯಾಗಿರುವುದರಿಂದ ಬೆಲೆ ಏರಿದೆ. ಟೆಂಡರಿನ ಗಾತ್ರವೂ ಅದಕ್ಕೆ ತಕ್ಕಂತೆ ಮರ್ಯಾದಸ್ಥವಾಗುತ್ತದೆ. ಆಯಿಲ್ ಫಿಲ್ಟರ್ ಬದಲಿಸಿದ್ದಕ್ಕೆ ಯಾವ ಶಾಸಕರೂ ಟೇಪು ಕತ್ತರಿಸಲಾರರು. ಹೊಸ ಜನರೇಟರಿಗೆ ಕತ್ತರಿಸಬಹುದು. ಹಾಗಾಗಿ ಕ್ರೇನ್ ಬರುತ್ತದೆ, ಹೊಸ ಡಬ್ಬಿ ಇಳಿಯುತ್ತದೆ, ಕುಂಕುಮ, ಮಾವಿನ ತೋರಣ, ನಿಂಬೆಹಣ್ಣು. ಕೇಬಲ್ ಕೆಲಸ ಬೇರೆ ಟೆಂಡರ್, ಅದು ಇನ್ನೂ ಆಗಿಲ್ಲ. ಉದ್ಘಾಟನೆಯ ದಿನ ಭಾಷಣದ ನಡುವೆ ಕರೆಂಟು ಹೋಗುತ್ತದೆ, ಆದರೂ ಮೈಕು ನಿಲ್ಲುವುದಿಲ್ಲ, ವೇದಿಕೆಯ ಫ್ಯಾನೂ ನಿಲ್ಲುವುದಿಲ್ಲ. ಜನ ಚಪ್ಪಾಳೆ ತಟ್ಟುತ್ತಾರೆ. ಪೆಂಡಾಲಿನ ಹಿಂದೆ ಶಾಮಿಯಾನದವನು ತನ್ನ ಟ್ರ್ಯಾಲಿಯ ಪಕ್ಕ ಕೂತು, ಕ್ಯಾನಿನಲ್ಲಿ ಇನ್ನೆಷ್ಟು ಡೀಸೆಲ್ ಇದೆ ಎಂದು ಅಲ್ಲಾಡಿಸಿ ನೋಡುತ್ತಾನೆ. ಹೋದ ಸಲದ ಕಾರ್ಯಕ್ರಮದ ಬಾಡಿಗೆ ಅವನಿಗಿನ್ನೂ ಬಂದಿಲ್ಲ.