ಕಪ್ಪು ಅಂದ್ರೆ ಮೈನಸ್ಸು

ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಓದಿ, ಡೆಟ್ರಾಯಿಟ್ ಪಕ್ಕದ ಊರಿನಲ್ಲಿ ಸಾಫ್ಟ್‌ವೇರಿನ ಅನ್ನ ತಿನ್ನುತ್ತಿರುವವನು ನಾನು. ಇಪ್ಪತ್ತೆರಡು ವರ್ಷಗಳಲ್ಲಿ ಬಲ್ಬು ಬದಲಾಯಿಸಿದ್ದು ಬಿಟ್ಟರೆ ಆ ಪದವಿಗೆ ಕೆಲಸ ಕೊಟ್ಟವನಲ್ಲ. ಆದರೂ ಹಾಸನದಲ್ಲಿ ಅಮ್ಮ ಯಾರ ಮನೆಯ ಅರಿಶಿನ ಕುಂಕುಮಕ್ಕೆ ಹೋದರೂ "ನನ್ನ ಮಗ ಎಲೆಕ್ಟ್ರಿಕಲ್ ಇಂಜಿನಿಯರ್ರು" ಅನ್ನುವುದನ್ನು ತಪ್ಪಿಸುತ್ತಿರಲಿಲ್ಲ. ಆ ಮಾತಿನ ನಿಜ ಬೆಲೆ ತಿಳಿಯಲು ಅವರು ಅರ್ಧ ಭೂಮಿ ಸುತ್ತಿ ನಮ್ಮ ಮನೆಗೇ ಬರಬೇಕಾಯಿತು.

ಅವರು ಬರುವ ಹೊತ್ತಿಗೆ ನಾವೊಂದು ಹಳೆಯ ಟ್ರೇಲರ್ ಕೊಂಡಿದ್ದೆವು. ಕಾರಿನ ಹಿಂದೆ ಕಟ್ಟಿ ಎಳೆಯುವ ಇಪ್ಪತ್ನಾಲ್ಕು ಅಡಿಯ ಮನೆ. ಒಳಗೆ ಒಲೆ, ಫ್ರಿಜ್ಜು, ಮಂಚ, ಬಚ್ಚಲು. ಅಮೆರಿಕದಲ್ಲಿ ಇಂಥವು ಹೆಚ್ಚಾಗಿ ತಯಾರಾಗುವುದು ನಮ್ಮ ನೆರೆರಾಜ್ಯ ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ. ನಮ್ಮದೂ ಅಲ್ಲಿಯದೇ ಕೂಸು. ಅಮ್ಮ ಅದಕ್ಕೊಂದು ಪ್ರದಕ್ಷಿಣೆ ಹಾಕಿ ಕೇಳಿದರು: "ಸಾಲ ಮಾಡಿ ಅಷ್ಟು ದೊಡ್ಡ ಮನೆ ತಗೊಂಡು, ರಜ ಬಂದ್ರೆ ಇದರೊಳಗೆ ಹೋಗಿ ಮಲಗ್ತೀರೇನೋ?"

"ಅತ್ತೆ, ನಾನೂ ಅದನ್ನೇ ಕೇಳಿದ್ದೆ" ಎಂದಳು ಹೆಂಡತಿ.

ಮಿಷಿಗನ್ ಸರೋವರದ ದಂಡೆಯ ಲಡಿಂಗ್ಟನ್ ಪಾರ್ಕಿನಲ್ಲಿ ಜಾಗ ಕಾದಿರಿಸಿದ್ದೆ. ಹೋಗುವ ಮುಂಚೆ ಒಂದು ರಾತ್ರಿ ನಮ್ಮ ಮನೆಯ ಮುಂದೆಯೇ ನಿಲ್ಲಿಸಿ ಮಲಗಿ ನೋಡೋಣ ಅಂದುಕೊಂಡೆವು. ಮದುವೆಗೆ ಮುಂಚೆ ನಿಶ್ಚಿತಾರ್ಥ ಇದ್ದ ಹಾಗೆ.

ಈ ಟ್ರೇಲರಿನಲ್ಲಿ ಎರಡು ಜಾತಿಯ ಕರೆಂಟು ಒಂದೇ ಸೂರಿನಡಿ ಸಂಸಾರ ಮಾಡುತ್ತವೆ. ಮೈಕ್ರೋವೇವಿಗೆ, ಗೋಡೆಯ ಪ್ಲಗ್ಗುಗಳಿಗೆ 120 ವೋಲ್ಟಿನ ಎ.ಸಿ. ದೀಪಗಳಿಗೆ, ನೀರಿನ ಪಂಪಿಗೆ 12 ವೋಲ್ಟಿನ ಡಿ.ಸಿ. ಇವೆರಡರ ನಡುವಿನ ದಲ್ಲಾಳಿಯೇ ಕನ್ವರ್ಟರ್. ಹೊರಗಿನ 120 ತಗೊಂಡು, ಇಳಿಸಿ, ಡಿ.ಸಿ. ಮಾಡಿ, ದೀಪಗಳಿಗೂ ಕೊಡುತ್ತದೆ, ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ. ಹೊರಗಿನ ಕರೆಂಟು ಹೋದರೆ ದೀಪ, ಪಂಪುಗಳ ಭಾರ ಬ್ಯಾಟರಿಯದು. ಇಷ್ಟನ್ನು ನಾನು ಅಮ್ಮನಿಗೆ ಅರ್ಧ ಗಂಟೆ ಕೈ ಆಡಿಸಿ ವಿವರಿಸಿದೆ.

"ನಮ್ಮನೆ ಯುಪಿಎಸ್ ಥರ ಅನ್ನು."

"ಅಲ್ಲಮ್ಮ. ಯುಪಿಎಸ್ಸು ಬ್ಯಾಟರಿಯಿಂದ ತಿರುಗಿ ಎ.ಸಿ. ಮಾಡಿಕೊಡುತ್ತೆ. ಇದು ಮಾಡಲ್ಲ."

"ಸರಿ, ಅರ್ಧ ಯುಪಿಎಸ್ಸು. ಡಿಸ್ಟಿಲ್ಡ್ ವಾಟರ್ ಹಾಕಿದ್ಯಾ?"

ನಾಲ್ಕು ವರ್ಷದ ಪದವಿ ಎರಡು ಪದಕ್ಕೆ ಇಳಿಯಿತು.

ಟ್ರೇಲರ್ ಮಾರಿದವನು ಹಳೆಯ ಬ್ಯಾಟರಿಯನ್ನು ಬಿಚ್ಚಿಟ್ಟುಕೊಂಡಿದ್ದ. ಹೊಸದನ್ನು ತಂದೆ. ಗಾಡಿಯ ಮೂತಿಯಿಂದ ಎರಡು ವೈರು ಜೋತುಬಿದ್ದಿದ್ದವು: ಒಂದು ಕಪ್ಪು, ಒಂದು ಬಿಳಿ. ಕೆಂಪು ಇಲ್ಲ. ಬುದ್ಧಿ ಇದ್ದವನು ಇಲ್ಲೊಂದು ನಿಮಿಷ ನಿಲ್ಲುತ್ತಿದ್ದ. ನಾನು ಇಂಜಿನಿಯರ್. ಹಾಸನದ ಕಾರಾಗಲಿ ಡೆಟ್ರಾಯಿಟಿನ ಕಾರಾಗಲಿ, ಬ್ಯಾಟರಿಗೆ ಬಂದ ಕಪ್ಪು ವೈರು ಮೈನಸ್ಸು. ಕಪ್ಪನ್ನು ಮೈನಸ್ಸಿಗೆ ಬಿಗಿದು, ಬಿಳಿಯನ್ನು ಪ್ಲಸ್ಸಿಗೆ ತಾಗಿಸಿದೆ. ಚಟ್ ಎಂದು ಕಿಡಿ ಹಾರಿತು.

"ಏನೋ ಅದು?"

"ಹೊಸ ಬ್ಯಾಟರಿ ಅಲ್ವಾಮ್ಮ, ಶಕ್ತಿ ಜಾಸ್ತಿ."

ಗ್ಯಾರೇಜಿನ ಪ್ಲಗ್ಗಿನಿಂದ ವೈರು ಎಳೆದು ಸಿಕ್ಕಿಸಿದೆ. ದೀಪಗಳೆಲ್ಲ ಝಗ್ಗೆಂದವು. ಅಮ್ಮನ ಮುಖದಲ್ಲಿ ಅರಿಶಿನ ಕುಂಕುಮದ ಹೆಮ್ಮೆ ಮರಳಿತು.

ರಾತ್ರಿ ಚಳಿ ಎಂದು ಅಮ್ಮನ ಕಾಲ ಬಳಿ 1500 ವ್ಯಾಟಿನ ಹೀಟರ್ ಇಟ್ಟೆ. ಗ್ಯಾರೇಜಿನ ಪ್ಲಗ್ಗಿನ ಯೋಗ್ಯತೆ 15 ಆಂಪು, ಅಂದರೆ 1800 ವ್ಯಾಟು. ಆ ಗುಣಾಕಾರ ನನಗೆ ಬರುತ್ತದೆ, ಮಾಡಲಿಲ್ಲ, ಅಷ್ಟೆ. ಬಿಸಿಬೇಳೆಬಾತ್ ಬಿಸಿ ಮಾಡಲು ಮಗಳು ಮೈಕ್ರೋವೇವ್ ಒತ್ತಿದಳು. ಎಲ್ಲ ಕತ್ತಲೆ.

"ಇಲ್ಲೂ ಕರೆಂಟ್ ಹೋಗುತ್ತಾ!" ಅಮ್ಮನ ದನಿಯಲ್ಲಿ ತವರು ಸಿಕ್ಕಷ್ಟು ಸಂತೋಷ. ಬಚ್ಚಲಿನಿಂದ ಮಾತ್ರ "ರೀ!" ಎಂಬ ಕೂಗು ಬಂತು. ಪಂಪು ನಿಂತಿತ್ತು, ಮುಖದ ತುಂಬ ಸೋಪಿತ್ತು.

ಗ್ಯಾರೇಜಿನ ಬ್ರೇಕರ್ ಎತ್ತಿದೆ, ಎಲ್ಲ ಬಂತು. ಮಲಗಬಹುದಿತ್ತು. ಆದರೆ ಬ್ಯಾಟರಿ ಇರುವಾಗ ದೀಪ ಹೋಗಿದ್ದೇಕೆ? ವೈರು ಕಿತ್ತು ನೋಡಿದೆ: ಕತ್ತಲೆ. ಹಾಕಿದೆ: ಬೆಳಕು. ಪ್ಲಗ್ಗಿನ ಮೇಲೆ ದೀಪ ಉರಿಯುತ್ತಿದೆ ಎಂದರೆ ಕನ್ವರ್ಟರ್ ನೆಟ್ಟಗಿದೆ ಎಂದೇ ಅರ್ಥ. ನಾನು ಕನ್ವರ್ಟರ್ ಸುಟ್ಟಿದೆ ಎಂದು ತೀರ್ಮಾನಿಸಿದೆ.

ರಾತ್ರಿ ಹನ್ನೊಂದಕ್ಕೆ ವೈರು ಕಿತ್ತು, ಕನ್ವರ್ಟರಿನ ಮುಚ್ಚಳ ಬಿಚ್ಚಿ, ನೆಲದ ಮೇಲೆ ಬೋರಲು ಬಿದ್ದೆ. ಮಗಳು ಟಾರ್ಚ್ ಹಿಡಿದಳು. ಬ್ಯಾಟರಿಯ ವೈರುಗಳು ಬಂದು ಸೇರುವ ಜಾಗಕ್ಕೆ ಮೀಟರಿನ ಕಡ್ಡಿ ತಾಗಿಸಿದೆ. 12.7. ತುಂಬಿದ ಬ್ಯಾಟರಿಯ ಲಕ್ಷಣ.

"ಅಪ್ಪಾ, ಮುಂದೆ ಒಂದು ಗೆರೆ ಇದೆ."

"ಅದು ಗೀರು ಪುಟ್ಟಿ. ಹಳೇ ಮೀಟರು."

ಹೊಸ ಕನ್ವರ್ಟರಿಗೆ ಇನ್ನೂರು ಡಾಲರು. ಫೋನಿನಲ್ಲಿ ಇನ್ನೇನು ದುಡ್ಡು ಕಟ್ಟಬೇಕು, ಅಷ್ಟರಲ್ಲಿ ರಗ್ಗಿನೊಳಗಿಂದ ಅಮ್ಮ ಕೇಳಿದರು: "ಅಲ್ಲ ಕಣೋ, ಕಿಡಿ ಹಾರಿತಲ್ಲ, ಆಮೇಲೆ ಫ್ಯೂಜು ನೋಡಿದ್ಯಾ? ನಮ್ಮ ಯುಪಿಎಸ್ ಹುಡುಗ ಮೊದಲು ಅದನ್ನೇ ನೋಡೋದು."

ಫಲಕದ ಅಂಚಿನಲ್ಲಿ 30 ಆಂಪಿನ ಎರಡು ಹಸಿರು ಫ್ಯೂಜುಗಳಿದ್ದವು. ಎರಡರ ಒಳಗಿನ ತಂತಿಯೂ ಕರಗಿತ್ತು. ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ರಿವರ್ಸ್ ಪೊಲಾರಿಟಿ' ಎಂದು ಅಚ್ಚಾಗಿತ್ತು. ಅಂದರೆ ಬ್ಯಾಟರಿಯನ್ನು ತಿರುಗುಮುರುಗು ಜೋಡಿಸುವ ಭೂಪನೊಬ್ಬ ಬಂದೇ ಬರುತ್ತಾನೆಂದು ಕಾರ್ಖಾನೆಯವರಿಗೆ ಮೊದಲೇ ಗೊತ್ತಿತ್ತು. ಉಳಿದದ್ದೆಲ್ಲ ಸುಡದಿರಲಿ ಎಂದು ಆ ಎರಡು ಫ್ಯೂಜನ್ನು ನನ್ನ ಹೆಸರಲ್ಲೇ ಬಲಿಗಿಟ್ಟಿದ್ದರು. ಕೈಪಿಡಿಯನ್ನೂ ಆಗಲೇ ತೆರೆದೆ. ಟ್ರೇಲರಿನ ಬ್ಯಾಟರಿ ವೈರಿಂಗು ಇಲ್ಲಿನ ಮನೆಗಳ ವೈರಿಂಗಿನ ಜಾಡು: ಕರೆಂಟು ಹರಿಯುವುದು ಕಪ್ಪಿನಲ್ಲಿ, ಆದ್ದರಿಂದ ಕಪ್ಪು ಪ್ಲಸ್ಸು, ಬಿಳಿ ಮೈನಸ್ಸು. ಮೀಟರಿನ ಮೇಲಿದ್ದದ್ದು ಗೀರಲ್ಲ. ಮೈನಸ್ 12.7.

ಬೆಳಿಗ್ಗೆ ಕೆಲವು ಡಾಲರಿಗೆ ಫ್ಯೂಜು ತಂದು, ವೈರು ಅದಲುಬದಲು ಮಾಡಿ, ಪ್ಲಗ್ ಹಾಕಿ ಅಳೆದೆ. ಬ್ಯಾಟರಿಯ ಮೇಲೆ 13.6, ಚಾರ್ಜ್ ಆಗುತ್ತಿದೆ. ಗೀರು ಮಾಯವಾಗಿತ್ತು. ಅಮ್ಮ ಆಗಲೇ ಹಾಸನಕ್ಕೆ ಫೋನ್ ಹಚ್ಚಿ ಚಿಕ್ಕಮ್ಮನಿಗೆ ಹೇಳುತ್ತಿದ್ದರು: "ರಾತ್ರಿಯೆಲ್ಲ ಕೂತು ರಿಪೇರಿ ಮಾಡಿದ ಕಣೇ. ಎಲೆಕ್ಟ್ರಿಕಲ್ ಅಲ್ವಾ." ಕೆಟ್ಟದ್ದು ಹೇಗೆ ಎಂಬ ಭಾಗವನ್ನು ತಾಯಿಹೃದಯ ಹಾರಿಸಿಬಿಟ್ಟಿತ್ತು.

ಹೆಂಡತಿ ಹಾರಿಸಲಿಲ್ಲ. ಲಡಿಂಗ್ಟನ್‌ಗೆ ಹೊರಡುವ ಹೊತ್ತಿಗೆ ಬ್ಯಾಟರಿಯ ಡಬ್ಬದ ಮೇಲೆ ಕನ್ನಡದಲ್ಲಿ ಚೀಟಿ ಅಂಟಿತ್ತು: "ರೀ, ಕಪ್ಪು ಅಂದ್ರೆ ಪ್ಲಸ್ಸು." ಪಾಠ ಕಲಿತ ಉತ್ಸಾಹದಲ್ಲಿ ಕಾರಿನ ಎಣ್ಣೆ ನೋಡೋಣವೆಂದು ಬಾನೆಟ್ ಎತ್ತಿದೆ. ಅದರ ಬ್ಯಾಟರಿಯ ಮೇಲೂ ಒಂದು ಚೀಟಿ: "ಇಲ್ಲಿ ಮೈನಸ್ಸೇ. ಮುಟ್ಟಬೇಡಿ."