ಮುದ್ದೆಗೊಂದು ಪ್ಯಾಕೇಜು

ಯಡಿಯೂರಿನ ಜಗಲಿ. ಮೊಮ್ಮಗ ಕೊಡಿಸಿದ ಮೂರು ತಿಂಗಳ ಪ್ಯಾಕೇಜು. ಫೋನಿನೊಳಗೆ ಬೆಂಗಳೂರಿನ ನ್ಯೂಟ್ರಿಷನ್ ಕೋಚ್.

"ಅಜ್ಜಿ, ನಾಳೆಯಿಂದ ಬೆಳಿಗ್ಗೆ ಮಿಲೆಟ್ ಬೌಲ್."

"ಅದೇನವ್ವ?"

"ರಾಗಿ! 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ. ವಿಶ್ವಸಂಸ್ಥೆಯೇ 2023ನ್ನು ಸಿರಿಧಾನ್ಯ ವರ್ಷ ಅಂತ ಆಚರಿಸಿತ್ತು."

"ನಮ್ಮನೇಲಿ ಆ ವರ್ಷ ಇನ್ನೂ ಮುಗಿದಿಲ್ಲ ಕಣವ್ವ."

"ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ. ಉಪ್ಪಿನಕಾಯಿ ಇದೆಯಾ?"

"ಇಲ್ಲ." (ಭರಣಿ ಸೆರಗಿನಡಿ ಸೇರಿತು. ಕೊಟ್ಟ ದುಡ್ಡಿಗೆ ಇಷ್ಟಾದರೂ ಬದಲಾವಣೆ ಬೇಡವೆ?)

"ಪ್ರತಿ ಊಟದ ಫೋಟೊ ಕಳಿಸಿ."

"ಸೋಮವಾರ ಸಿದ್ಧಲಿಂಗೇಶ್ವರನ ದಾಸೋಹದಲ್ಲಿ ಉಣ್ತೀನಿ. ಪ್ರಸಾದಕ್ಕೂ ಕ್ಯಾಲೊರಿ ಐತಾ?"

"ಅದು… ಆ್ಯಪ್‌ನಲ್ಲಿ 'ಇತರೆ' ಅಂತ ಹಾಕೋಣ."

"ಆಗ್ಲಿ. ನೀನು ಬೆಳಿಗ್ಗೆ ಏನುಂಡೆ?"

"ಕಾಫಿ, ಎರಡು ಬಿಸ್ಕತ್ತು. ಟೈಮೇ ಸಿಗಲ್ಲ ಅಜ್ಜಿ."

"ಫೋಟೊ ಕಳಿಸವ್ವ, ನೋಡ್ತೀನಿ."